ಇಂಗ್ಲಿಷಿನ ಯಾವ ಕ್ರಿಯಾಪದಗಳು ಪ್ಯಾಸಿವ್ ಆಗುತ್ತವೆ?

ಆಬ್ಜೆಕ್ಟ್ (ಕರ್ಮ) ಇದ್ದರೆ ಸಾಕು, ಯಾವ ವಾಕ್ಯವನ್ನಾದರೂ ಪ್ಯಾಸಿವ್ (ಕರ್ಮಣಿ ಪ್ರಯೋಗ) ಮಾಡಬಹುದು ಅಂತ ನಿಮಗೆ ಕಲಿಸಿದ್ದಾರೆ. ಹಾಗಾದರೆ 'ಹಿ ಹ್ಯಾಸ್ ಟೂ ಬೋಟ್ಸ್' ಅನ್ನುವುದನ್ನು 'ಟೂ ಬೋಟ್ಸ್ ಆರ್ ಹ್ಯಾಡ್ ಬೈ ಹಿಮ್' ಅಂದರೆ ಯಾಕೆ ತಪ್ಪು ಅಂತ ಕೇಳಿದ್ದೀರಿ. ನಾನು ಕಾರವಾರದಲ್ಲಿ ಸಂಜೆ ಹೊತ್ತು ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ.

2024ರ ಆಗಸ್ಟ್ 7ರ ನಡುರಾತ್ರಿ ಇಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಒಂದು ಲಾರಿ ನದಿಗೆ ಬಿತ್ತು. ಚಾಲಕನನ್ನು ಕಾಪಾಡಿದರು. ಆ ವಾರ ಇದನ್ನೇ ಇಂಗ್ಲಿಷಿನಲ್ಲಿ ಬರೆಯಿರಿ ಅಂದೆ. ಜಾಸ್ತಿ ಮಕ್ಕಳು 'ದಿ ಬ್ರಿಜ್ ವಾಸ್ ಕೊಲ್ಯಾಪ್ಸ್ಡ್' ಅಂತ ಬರೆದಿದ್ದರು. ಸೇತುವೆಗೆ ಏನೋ ಆಯಿತಲ್ಲ, ಹಾಗಾಗಿ 'ವಾಸ್' ಬೇಕು ಅಂತ ಅವರ ಲೆಕ್ಕ. ದೊಡ್ಡವರೂ ಹೀಗೆ ಬರೆಯುತ್ತಾರೆ.

ಕನ್ನಡ ವಾಕ್ಯಗಳನ್ನೇ ಇನ್ನೊಮ್ಮೆ ನೋಡಿ. 'ಕಾಪಾಡಿದರು' ಅನ್ನುವಾಗ ಯಾರು ಅಂತ ಹೇಳಲಿಲ್ಲ, ಆದರೂ ಯಾರೋ ಇದ್ದಾರೆ. 'ಚಾಲಕನನ್ನು' ಅಂತ 'ಅನ್ನು' ಕೂಡ ಬಂತು. ಇಂಥ ಕಡೆ ಇಂಗ್ಲಿಷಿಗೆ ಪ್ಯಾಸಿವ್ ಸಲೀಸು: 'ದಿ ಡ್ರೈವರ್ ವಾಸ್ ರೆಸ್ಕ್ಯೂಡ್'. ಗೈಡುಗಳಲ್ಲಿ ಬರುವ 'ಕಾಪಾಡಲ್ಪಟ್ಟನು' ಮರೆತುಬಿಡಿ, ಹಾಗೆ ನಾವ್ಯಾರೂ ಮಾತಾಡುವುದಿಲ್ಲ ಅಲ್ವಾ? ಯಾರು ಅಂತ ಹೇಳದೆ, 'ಅನ್ನು' ಹಾಕಿ ಹೀಗೆ ಹೇಳಲು ಬರುತ್ತದಾ ಅನ್ನುವುದೇ ನಮ್ಮ ಪರೀಕ್ಷೆ. ಈಗ 'ಸೇತುವೆಯನ್ನು ಕುಸಿದರು' ಅಂದು ನೋಡಿ. ಬರುವುದೇ ಇಲ್ಲ. 'ದಿ ಬ್ರಿಜ್ ಕೊಲ್ಯಾಪ್ಸ್ಡ್', ಅಷ್ಟೇ. ಹ್ಯಾಪನ್, ಅರೈವ್, ಡೈ, ಡಿಸಪಿಯರ್ ಎಲ್ಲ ಇದೇ ಸಾಲಿನವು.

ನಿಮ್ಮ ದೋಣಿಗೆ ಬರೋಣ. 'ಅವನಿಗೆ ಎರಡು ದೋಣಿ ಇವೆ' ಅನ್ನುತ್ತೇವೆ. ಆ ದೋಣಿಗಳಿಗೆ ಯಾರೂ ಏನೂ ಮಾಡಲಿಲ್ಲ, ಸುಮ್ನೆ ಇವೆ. ಹ್ಯಾವ್‌ಗೆ ಆಬ್ಜೆಕ್ಟ್ ಇದ್ದರೂ ಇಲ್ಲಿ ಅದು ಮಾಡುವ ಕೆಲಸವಲ್ಲ. ಲ್ಯಾಕ್, ಕಾಸ್ಟ್, ಸೂಟ್ ಕೂಡ ಹೀಗೇ. ರಿಸೆಂಬಲ್ ಸ್ವಲ್ಪ ದಾರಿ ತಪ್ಪಿಸುತ್ತದೆ, ಯಾಕಂದ್ರೆ 'ಮಗ ಅಪ್ಪನನ್ನು ಹೋಲುತ್ತಾನೆ' ಅನ್ನುವಲ್ಲಿ 'ಅನ್ನು' ಇದೆ. ಆದರೆ ಮಗನನ್ನು ಬಿಟ್ಟು ಬರೀ 'ಅಪ್ಪನನ್ನು ಹೋಲಿದರು' ಅನ್ನಿ. ಕಿವಿಯೇ ಒಪ್ಪುವುದಿಲ್ಲ.

ನನಗೆ ತುಂಬ ಇಷ್ಟವಾದ ಉದಾಹರಣೆ ಮೀನು ಪೇಟೆಯದು. 'ಈ ಬಂಗಡೆ ಬುಟ್ಟಿ ಹತ್ತು ಕೆಜಿ ತೂಗುತ್ತದೆ'. ಇದಕ್ಕೆ ಪ್ಯಾಸಿವ್ ಇಲ್ಲ. 'ಬುಟ್ಟಿಯನ್ನು ತೂಗಿದರು'. ಇದಕ್ಕೆ ಇದೆ: 'ದಿ ಬಾಸ್ಕೆಟ್ ವಾಸ್ ವೇಯ್ಡ್'. ಇಂಗ್ಲಿಷಿನಲ್ಲೂ ಒಂದೇ ಪದ, ಕನ್ನಡದಲ್ಲೂ ಒಂದೇ ಪದ. ಅದಕ್ಕೇ ಕ್ರಿಯಾಪದಗಳ ಪಟ್ಟಿ ಬಾಯಿಪಾಠ ಮಾಡಬೇಡಿ ಅಂತ ಮಕ್ಕಳಿಗೆ ಹೇಳುತ್ತಲೇ ಇರುತ್ತೇನೆ.

ಈ ಕನ್ನಡದ ಪರೀಕ್ಷೆ ಕೈಕೊಡುವ ಜಾಗವೂ ಇದೆ. 'ಕುಮಟಾದಿಂದ ದೇವಿಮನೆ ಘಾಟ್ ಹತ್ತಿ ಶಿರಸಿಗೆ ತಲುಪಬಹುದು'. 'ಅನ್ನು' ಇಲ್ಲ, ಆದರೂ 'ಸಿರ್ಸಿ ಕ್ಯಾನ್ ಬಿ ರೀಚ್ಡ್' ಸರಿ. ಇಂಗ್ಲಿಷಿನಲ್ಲಿ ರೀಚ್ ಆದ ಮೇಲೆ 'ಟು' ಬರುವುದಿಲ್ಲ, ಊರೇ ನೇರವಾಗಿ ಆಬ್ಜೆಕ್ಟ್. ಇನ್ನು ಲಾಫ್ ಅಟ್, ಲುಕ್ ಆಫ್ಟರ್ ಥರದವು ಪ್ಯಾಸಿವ್ ಆಗುತ್ತವೆ, ಕೊನೆಯ ಚಿಕ್ಕ ಪದ ಮಾತ್ರ ಬಿಡಬೇಡಿ. ಅವನನ್ನು ನೋಡಿ ನಕ್ಕರು, 'ಹಿ ವಾಸ್ ಲಾಫ್ಡ್ ಅಟ್'. ಪರೀಕ್ಷೆಯಲ್ಲಿ ಆ 'ಅಟ್' ಬಿಟ್ಟೇ ಮಕ್ಕಳು ಅಂಕ ಕಳೆದುಕೊಳ್ಳುತ್ತಾರೆ.