ಆಪ್ತಸಲಹೆ ಪ್ರಕರಣ: ನಿದ್ದೆಯಲ್ಲೂ ಜನರೇಟರ್ ಕಾಯುವವರು

ಸಲಹಾರ್ಥಿ 36ರ ಗೃಹಸ್ಥ. ಅಲಾಸ್ಕಾದ ಯೂಕಾನ್–ಕುಸ್ಕೊಕ್ವಿಮ್ ಮುಖಜಭೂಮಿಯ ಒಂದು ಯೂಪಿಕ್ (ಅಲ್ಲಿನ ಮೂಲನಿವಾಸಿಗಳ) ಹಳ್ಳಿಯಲ್ಲಿ ಡೀಸೆಲ್ ವಿದ್ಯುತ್ ಸ್ಥಾವರದ ಆಪರೇಟರ್, ಅದೇ ಊರಿನವರು. ಗುರುತು ಹತ್ತದಂತೆ ವಿವರಗಳನ್ನು ಬದಲಿಸಿದೆ. ನಾಲ್ಕು ತಿಂಗಳಿಂದ ನಿದ್ದೆಯಿಲ್ಲ, ಹೆಂಡತಿ ಮಕ್ಕಳ ಮೇಲೆ ಸಿಡುಕು, ಫೋನ್ ರಿಂಗಾದರೆ ಎದೆ ಡವಡವ. ಊರಿನ ಕ್ಲಿನಿಕ್‌ನಿಂದ ವಿಡಿಯೋ ಮೂಲಕ ಭೇಟಿ.

ಎರಡನೇ ಭೇಟಿಯಲ್ಲಿ ಮಾತಿನ ನಡುವೆ ತಟಕ್ಕನೆ ನಿಲ್ಲಿಸಿ, ತಲೆ ಓರೆ ಮಾಡಿ ಕಿವಿಗೊಟ್ಟರು. ‘ಲೋಡ್ ಏರಿತು, ಯಾವುದೋ ದೊಡ್ಡ ಪಂಪು ಇರಬೇಕು’ ಎಂದು ಮತ್ತೆ ಮಾತಿಗೆ ಬಂದರು. ಮೈಕಿನಲ್ಲಿ ಅಂಥ ಸದ್ದೇನೂ ಇರಲಿಲ್ಲ. ನಡುರಾತ್ರಿಯಲ್ಲೂ ಆ ಕಿವಿ ಇದೇ ಕೆಲಸ ಮಾಡುತ್ತಿತ್ತು.

ನಮ್ಮ ಹಳ್ಳಿಯ ಲೈನ್‌ಮನ್‌ಗೆ ಹಿಂದೆ ಸಬ್‌ಸ್ಟೇಷನ್ ಇರುತ್ತದೆ, ಗ್ರಿಡ್ ಇರುತ್ತದೆ. ಅಲ್ಲಿ ಎರಡೂ ಇಲ್ಲ, ಹೊರಗಿನಿಂದ ರಸ್ತೆಯೂ ಇಲ್ಲ. ಬೇಸಿಗೆಯಲ್ಲಿ ನದಿಯ ಹಿಮ ಕರಗಿದ ಮೇಲೆ ಬಾರ್ಜ್‌ನಲ್ಲಿ ಬರುವ ಡೀಸೆಲ್ಲೇ ವರ್ಷಪೂರ್ತಿ. ಮೂರು ಜನರೇಟರ್‌ಗಳಲ್ಲಿ ಲೋಡ್ ನೋಡಿ ಒಂದನ್ನು ಓಡಿಸಬೇಕು. ದೊಡ್ಡದನ್ನು ಶೇ. 30ಕ್ಕಿಂತ ಕಡಿಮೆ ಲೋಡಿನಲ್ಲಿ ಬಹಳ ಹೊತ್ತು ಓಡಿಸಿದರೆ ಸುಡದ ಇಂಧನ, ಮಸಿ ಸೈಲೆನ್ಸರ್‌ನಲ್ಲಿ ಕಟ್ಟಿಕೊಳ್ಳುತ್ತವೆ. ಈ ಸ್ಥಾವರದಲ್ಲಿ 250 ತಾಸಿಗೊಮ್ಮೆ ಆಯಿಲ್ ಬದಲಾವಣೆ. ನಿಲ್ಲದೆ ಓಡುವ ಎಂಜಿನ್‌ಗೆ ಅಂದರೆ ಹತ್ತೂವರೆ ದಿನಕ್ಕೊಮ್ಮೆ.

ನಿದ್ದೆ ಹೋದದ್ದು ಡಿಸೆಂಬರಿನ ಒಂದು ರಾತ್ರಿ. ಹೊರಗೆ ಮೈನಸ್ 35. ಡೀಸೆಲ್‌ನೊಳಗಿನ ನೀರು ಫಿಲ್ಟರಿನಲ್ಲಿ ಹೆಪ್ಪುಗಟ್ಟಿ ಎಂಜಿನ್ ನಿಂತಿತು. ಇವರು ಎರಡನೆಯದನ್ನು ಚಾಲೂ ಮಾಡಿ ಎಲ್ಲ ಫೀಡರ್‌ಗಳನ್ನೂ (ಊರಿನ ಬೇರೆ ಬೇರೆ ಭಾಗಕ್ಕೆ ಹೋಗುವ ಲೈನುಗಳು) ಒಟ್ಟಿಗೇ ಹಾಕಿದರು, ಟ್ರಿಪ್ ಆಯಿತು. ಹೀಗೆ ಮೂರು ಸಲ. ಕಾರಣ ಸರಳ: ಕರೆಂಟು ಹೋಗಿ ಮನೆಗಳು ತಣ್ಣಗಾದಾಗ ಎಲ್ಲ ಬಾಯ್ಲರ್, ಪಂಪು, ಫ್ರೀಜರ್‌ಗಳೂ ಏಕಕಾಲಕ್ಕೆ ಶುರುವಾಗುತ್ತವೆ. ಹೋಗುವ ಮುಂಚೆ ಇದ್ದ ಲೋಡಿಗಿಂತ ಬರುವಾಗಿನ ಲೋಡು ಹೆಚ್ಚು. ಎರಡು ತಾಸು ಕತ್ತಲೆ. ವಿಎಚ್‌ಎಫ್ ರೇಡಿಯೋದಲ್ಲಿ ಊರಿಗೆ ಊರೇ ಇವರನ್ನು ಕೇಳುತ್ತಿತ್ತು, ಕೇಳಿದವರೆಲ್ಲ ನೆಂಟರು.

ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದರು. ಬೇಟೆಯ ಬಂದೂಕುಗಳು ಮನೆಯಲ್ಲಿದ್ದುದರಿಂದ ಅವನ್ನು ಬೀಗದಲ್ಲಿ, ಗುಂಡುಗಳನ್ನು ಬೇರೆ ಕಡೆ ಇಡುವ ಮಾತಾಯಿತು. ಹುಬ್ಬು ಮೇಲೇರಿಸಿದರು, ಯೂಪಿಕ್ ಜನರಲ್ಲಿ ಅದು ‘ಹೂಂ’.

ಇದಕ್ಕೆ ಆತಂಕದ ಕಾಯಿಲೆ ಎಂಬ ಚೀಟಿ ಅಂಟಿಸುವುದು ಸುಲಭವಿತ್ತು, ನಾನು ಅಂಟಿಸಲಿಲ್ಲ. ಸದ್ದಿಗೆ ಎಚ್ಚರವಾಗುವುದು ಆ ಕಸುಬಿನ ವಿದ್ಯೆ. ಆ ಕಿವಿಯನ್ನು ಒಂದು ರಾತ್ರಿ ಒಪ್ಪಿಸಿ ಮಲಗಲು ಇನ್ನೊಬ್ಬರಿಲ್ಲದ್ದೇ ತೊಂದರೆ. ಕಾಗದದಲ್ಲಿ ಒಬ್ಬ ಬದಲಿ ಆಪರೇಟರ್ ಇದ್ದ, ಆದರೆ ಕೆಲಸವೆಲ್ಲ ಇವರ ತಲೆಯಲ್ಲೇ ಇತ್ತು.

ಹಾಗಾಗಿ ಮೊದಲ ಸಲಹೆ, ತಲೆಯಲ್ಲಿದ್ದದ್ದನ್ನು ಹಾಳೆಗೆ ಇಳಿಸಿ. ಅವರೇ ಬರೆದು ಸ್ವಿಚ್‌ಗೇರ್ ಪಕ್ಕ ತೂಗುಹಾಕಿದರು: ಎಲ್ಲ ಫೀಡರ್ ಬ್ರೇಕರ್ ತೆಗೆ, ಒಂದು ಎಂಜಿನ್ ಚಾಲೂ ಮಾಡಿ ಆಯಿಲ್ ಪ್ರೆಷರ್, ಕೂಲಂಟ್ ಬಿಸಿ ಏರಲು ಬಿಡು, 480 ವೋಲ್ಟ್, 60 ಹರ್ಟ್ಸ್ ನೋಡಿ ಜನರೇಟರ್ ಬ್ರೇಕರ್ ಹಾಕು, ಒಂದು ಫೀಡರ್ ಹಾಕಿ ಲೋಡ್ ಸ್ಥಿರವಾಗುವ ತನಕ ಕಾದು ಮುಂದಿನದು, ಲೋಡು ಶೇ. 80 ಮುಟ್ಟಿದರೆ ಎರಡನೇ ಎಂಜಿನ್ ಸಿಂಕ್ ಮಾಡಿದ (ಮೊದಲನೆಯದರ ತಾಳಕ್ಕೆ ಹೊಂದಿಸಿ ಜೋಡಿಸಿದ) ಮೇಲಷ್ಟೇ ಉಳಿದದ್ದು. ಊರಿಗೆ ಮೊದಲೇ ತಿಳಿಸಿ ಹಗಲಲ್ಲಿ ಕರೆಂಟು ತೆಗೆದು, ಬದಲಿಯವನ ಕೈಯಲ್ಲೇ ಇಷ್ಟನ್ನೂ ಮಾಡಿಸಬೇಕು. ಇವರು ಕೈ ಕಟ್ಟಿ ನಿಲ್ಲಬೇಕು. ಕಷ್ಟವಾದದ್ದು ಈ ಕೊನೆಯದೇ.

ಆಮೇಲೆ ಅಲಾರಂಗಳನ್ನು ವಿಂಗಡಿಸಿದೆವು. ಆಯಿಲ್ ಪ್ರೆಷರ್ ಇಳಿದರೆ, ಕೂಲಂಟ್ ಬಿಸಿಯೇರಿದರೆ, ಎಂಜಿನ್ ನಿಂತರೆ ಎಬ್ಬಿಸಲಿ. ಫಿಲ್ಟರ್ ಕಟ್ಟಿಕೊಳ್ಳಲು ಶುರು ಎಂಬ ಮೊದಲ ಸೂಚನೆ ಬೇಸಿಗೆಯಲ್ಲಾದರೆ ಬೆಳಗಿನ ತನಕ ಕಾಯಲಿ. ಚಳಿಗಾಲದಲ್ಲಿ ಅದೂ ಎಬ್ಬಿಸಲಿ. ವಾರಕ್ಕೆ ಮೂರು ರಾತ್ರಿ ಮೊದಲ ಕರೆ ಬದಲಿಯವನ ನಂಬರಿಗೆ.

ನಿದ್ದೆಗೆ ಮಾಮೂಲಿ ನಿಯಮ: ಏಳುವ ಹೊತ್ತು ಒಂದೇ, ಸುಮಾರು 20 ನಿಮಿಷ ನಿದ್ದೆ ಬರದಿದ್ದರೆ ಹಾಸಿಗೆ ಬಿಡುವುದು. ಕಿವಿಯಲ್ಲಿ ಗುಂಯ್‌ಗುಡುವಿಕೆಯೂ ಇತ್ತು. ಎಂಜಿನ್ ಕೋಣೆಯ ಸದ್ದು 100 ಡೆಸಿಬೆಲ್ ದಾಟುತ್ತದೆ, ಇವರು ಹತ್ತಿ ತುರುಕಿಕೊಳ್ಳುತ್ತಿದ್ದರು. ಇಯರ್‌ಪ್ಲಗ್, ಅದರ ಮೇಲೆ ಇಯರ್‌ಮಫ್, ಜೊತೆಗೆ ಶ್ರವಣ ಪರೀಕ್ಷೆ ಹೇಳಿದೆ.

ಆರು ವಾರದ ನಂತರ: ನಿದ್ದೆ ಮೂರು ತಾಸಿನಿಂದ ಐದೂವರೆಗೆ ಬಂದಿದೆ. ಬದಲಿಯವನ ಮೊದಲ ರಾತ್ರಿ ಇವರು ಸ್ನೋಮಷಿನ್ (ಹಿಮದ ಮೇಲೆ ಓಡುವ ಗಾಡಿ) ಹತ್ತಿ ಎರಡು ಸಲ ಹೋಗಿ ನೋಡಿಬಂದರಂತೆ, ಎರಡನೇ ವಾರ ಒಂದೇ ಸಲ. ಸೆಪ್ಟೆಂಬರಿನ ಮೂಸ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಎರಡು ವರ್ಷದಿಂದ ಹೋಗಿಲ್ಲ; ಈ ಸಲ ಹೊರಡುವ ಮುನ್ನಾದಿನ ಆಯಿಲ್ ಬದಲಾವಣೆ ಬೀಳುವಂತೆ ತಾಸಿನ ಲೆಕ್ಕ ಈಗಲೇ ಹಾಕಿದ್ದಾರೆ.

ಬಿಲ್ಲು ಕಟ್ಟದವರ ಮೀಟರ್ ಕೀಳುವ ಕೆಲಸ ಮಾತ್ರ ಇನ್ನೂ ಇವರದೇ. ನೋಟಿಸಿಗೆ ಕಚೇರಿಯವರೇ ಸಹಿ ಹಾಕಿ ಮನೆಗೆ ಮುಟ್ಟಿಸಲಿ ಎಂದು ಪತ್ರ ಬರೆಸಿದ್ದೇನೆ, ಉತ್ತರ ಬಂದಿಲ್ಲ. ಪಟ್ಟಿಯಲ್ಲಿ ಮುಂದಿನ ಹೆಸರು ಅವರ ಚಿಕ್ಕಪ್ಪನದು.