ದುಡ್ಡು ಸಂಘದ್ದು, ಲೆಕ್ಕ ಯಾರದ್ದು?

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಕಳೆದ ಲೋಕಸಭೆ ಚುನಾವಣೆಯಲ್ಲಿ ಒಂದು ವ್ಯಾಪಾರಿ ಸಂಘದವರು ಬಂದು, ಒಬ್ಬ ಅಭ್ಯರ್ಥಿ ಪರ ಹತ್ತು ಸಾವಿರ ಕರಪತ್ರ ಹೊಡೆದುಕೊಡಿ, ಪ್ರೆಸ್ ಹೆಸರು ಮಾತ್ರ ಹಾಕಬೇಡಿ ಅಂದರು. ಅಭ್ಯರ್ಥಿಗೆ ಗೊತ್ತಾ ಅಂದರೆ, 'ದುಡ್ಡು ನಮ್ಮದು, ಅವರನ್ನೇನು ಕೇಳೋದು' ಅಂದರು. ನಾನು ಒಲ್ಲೆ ಅಂದೆ. ಗಿರಾಕಿ ಹೋಯಿತು. ನಾನು ಮಾಡಿದ್ದು ಸರೀನಾ?
— ಒಬ್ಬ ಓದುಗ, ಗಂಗಾವತಿ

ಉತ್ತರ: ಖಂಡಿತ ಸರಿ. ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಪ್ರಕಾರ ಚುನಾವಣೆ ಕರಪತ್ರದ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ತಪ್ಪಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಿಕ್ಕಿಬೀಳುತ್ತಿದ್ದವರು ನೀವು.

ಸಂಘದವರದ್ದೂ ತಪ್ಪೇ. ಅಭ್ಯರ್ಥಿ ಬರೆದುಕೊಟ್ಟ ಒಪ್ಪಿಗೆ ಇಲ್ಲದೆ ಅವರ ಗೆಲುವಿಗಾಗಿ ಬೇರೆಯವರು ಸಭೆಗೆ, ಜಾಹೀರಾತಿಗೆ ಖರ್ಚು ಮಾಡುವಂತಿಲ್ಲ. ಹಳೇ ಐಪಿಸಿಯಲ್ಲಿ ಇದಕ್ಕೆ ದಂಡ ಬರೀ 500 ರೂಪಾಯಿವರೆಗೆ ಇತ್ತು. ಈಗ ಭಾರತೀಯ ನ್ಯಾಯ ಸಂಹಿತೆಯ 176ರಲ್ಲಿ 10,000 ರೂಪಾಯಿವರೆಗೆ ಆಗಿದೆ. ಲಕ್ಷಗಟ್ಟಲೆ ಸುರಿಯುವವರಿಗೆ ಇದು ಯಾವ ಲೆಕ್ಕ, ಹೇಳಿ?

ಒಪ್ಪಿಗೆ ಕೊಟ್ಟರೆ ಆ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಸೇರುತ್ತದೆ. ನಮ್ಮ ರಾಜ್ಯದಲ್ಲಿ ಲೋಕಸಭೆಗೆ ನಿಂತವರ ಮಿತಿ 95 ಲಕ್ಷ. ಅದಕ್ಕೇ 'ನಮಗೆ ಗೊತ್ತೇ ಇಲ್ಲ' ಅನ್ನುವುದು ಎಲ್ಲರಿಗೂ ಅನುಕೂಲ. ಈ ಕಿಂಡಿ ಹಳೆಯದು. ಪಕ್ಷ ಅಥವಾ ಬೆಂಬಲಿಗರು ಮಾಡಿದ ಖರ್ಚನ್ನು ಅಭ್ಯರ್ಥಿ ತಿಳಿದೂ ಸುಮ್ಮನಿದ್ದರೆ ಅದು ಅವರ ಖರ್ಚೇ ಅಂತ 1974ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ಸಂಸತ್ತು ಕಾನೂನು ತಿದ್ದಿ, ಆ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಬರದಂತೆ ಮಾಡಿತು. 2003ರಲ್ಲಿ ಮತ್ತೆ ಬಿಗಿ ಮಾಡಿದರು, ಆದರೆ ಪಕ್ಷಗಳ ಒಟ್ಟು ಖರ್ಚಿಗೆ ಇವತ್ತಿಗೂ ಮಿತಿಯಿಲ್ಲ.

ನನಗೆ ಜಾಸ್ತಿ ಚಿಂತೆ ಇರುವುದು ಬೇರೆ ಕಡೆ. 176ರ ಮಾತು ಇರುವುದು ಅಭ್ಯರ್ಥಿಯನ್ನು ಗೆಲ್ಲಿಸುವ ಖರ್ಚಿನ ಬಗ್ಗೆ. ಯಾರ ಹೆಸರೂ ಎತ್ತದೆ, 'ನಮ್ಮ ಧಂದೆ ಉಳಿಸುವವರಿಗೇ ಓಟು' ಅಂತ ಊರ ತುಂಬ ಫ್ಲೆಕ್ಸ್ ಕಟ್ಟಿದರೆ ಯಾರ ಲೆಕ್ಕಕ್ಕೆ ಬರೆಯುತ್ತೀರಿ? ಬ್ರಿಟನ್‌ನಲ್ಲಿ 2000ದ ಕಾನೂನಿನಂತೆ, ಪಕ್ಷವಲ್ಲದ ಸಂಘಗಳೂ ಒಂದು ಮೊತ್ತ ದಾಟಿ ಪ್ರಚಾರಕ್ಕೆ ಖರ್ಚು ಮಾಡಬೇಕಾದರೆ ಚುನಾವಣಾ ಆಯೋಗದಲ್ಲಿ ಹೆಸರು ಬರೆಸಬೇಕು, ಲೆಕ್ಕ ಕೊಡಬೇಕು, ಮೇಲೊಂದು ಮಿತಿಯೂ ಇದೆ. ನಮಗೂ ಅದು ಬೇಕೇ ಬೇಕು. ಸಂಘದವರ ಬಾಯಿ ಮುಚ್ಚಿಸಿ ಅಂತ ನಾನು ಹೇಳುತ್ತಿಲ್ಲ. ರೈತರು, ಹಮಾಲರು, ಮಿಲ್ಲಿನವರು ಎಲ್ಲರೂ ಮಾತಾಡಲಿ, ಆದರೆ ಹೆಸರು ಹಾಕಿ ಮಾತಾಡಲಿ, ಅಲ್ವಾ?

ಮುಂದಿನ ಸಲ ಅವರು ಬಂದರೆ ಅಭ್ಯರ್ಥಿಯ ಒಪ್ಪಿಗೆ ಪತ್ರ ಕೇಳಿ. ಜೊತೆಗೆ ಪ್ರಕಾಶಕರ ಸಹಿ, ಅವರನ್ನು ಬಲ್ಲ ಇಬ್ಬರ ಸಾಕ್ಷಿ ಸಹಿ ಇರುವ ಘೋಷಣಾ ಪತ್ರವನ್ನೂ ತೆಗೆದುಕೊಳ್ಳಿ. ಚುನಾವಣೆ ಹೊತ್ತಲ್ಲಿ ಹೆಸರಿಲ್ಲದ ಕರಪತ್ರ ಎಲ್ಲಾದರೂ ಕಂಡರೆ ನಮ್ಮ ಚುನಾವಣಾ ಆಯೋಗದ ದೂರು ಆ್ಯಪ್ ಸಿ-ವಿಜಿಲ್‌ನಲ್ಲೇ ಫೋಟೋ ತೆಗೆದು ಕಳಿಸಿ. ಅದರಲ್ಲಿ ನಿಮ್ಮ ಹೆಸರು ಹೇಳದೆಯೂ ದೂರು ಕೊಡಬಹುದು.