ಪಕ್ಕದ ಮನೆಯ ನಾಯಿ, ನಿಮ್ಮ ಕಾರಿನ ಬಂಪರು

ಧಾರವಾಡದ ಸಪ್ತಾಪುರದಿಂದ ಬರೆದ ಓದುಗರೇ,

ಮನೆ ಮುಂದೆ ನಿಲ್ಲಿಸಿದ್ದ ನಿಮ್ಮ ಕಾರಿನಡಿ ಬೆಕ್ಕು ಹೊಕ್ಕಿದೆ. ಅದರ ಬೆನ್ನು ಹತ್ತಿ ಬಂದ ಪಕ್ಕದ ಮನೆಯ ನಾಯಿ ಮುಂದಿನ ಬಂಪರನ್ನೂ ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆಯಾದ ಲೈನರನ್ನೂ ಕಚ್ಚಿ ಹರಿದಿದೆ. “ಬೆಕ್ಕು ಹೊಕ್ಕಿದ್ದು ನಿಮ್ಮ ಕಾರಿನ ಕೆಳಗ, ನಮ್ಮ ನಾಯಿದೇನು ತಪ್ಪು?” ಎಂದು ಆ ಮನೆಯವರು ಕೇಳಿದರೆಂದು ಬರೆದಿದ್ದೀರಿ. ನಾಯಿಯದು ತಪ್ಪಲ್ಲ, ನಿಜ. ಗೇಟು ತೆರೆದಿಟ್ಟವರದು ತಪ್ಪು.

ಆದರೆ ಠಾಣೆಗೆ ಹೋದರೆ ದುಡ್ಡು ಸಿಗದು. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಾಣಿಯನ್ನು ನಿರ್ಲಕ್ಷ್ಯದಿಂದ ಬಿಟ್ಟವರಿಗೆ 6 ತಿಂಗಳವರೆಗೆ ಜೈಲು, 5,000 ರೂ.ವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಅದು ಮನುಷ್ಯರ ಜೀವಕ್ಕೆ ಅಪಾಯವೋ ತೀವ್ರ ಗಾಯದ ಸಂಭವವೋ ಇದ್ದಾಗ ಮಾತ್ರ. ಬಂಪರಿನದು ಸಿವಿಲ್ ವ್ಯಾಜ್ಯ. ದಾವೆ ಹೂಡಲು 3 ವರ್ಷ ಅವಕಾಶವಿದೆ.

ನಾಯಿ ಅವರದೇ, ಕಟ್ಟಿರಲಿಲ್ಲ, ಕಚ್ಚಿದ್ದೂ ಅದೇ: ಈ ಮೂರನ್ನು ನೀವು ತೋರಿಸಬೇಕು. ಎದುರು ಮನೆಯ ಸಿಸಿಟಿವಿ ದೃಶ್ಯವನ್ನು ಇವತ್ತೇ ನಕಲು ಮಾಡಿಸಿಕೊಳ್ಳಿ, ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆ ಹಳೆಯದನ್ನು ತಾನಾಗಿ ಅಳಿಸುತ್ತ ಹೋಗುತ್ತದೆ. ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಡಿಜಿಟಲ್ ದಾಖಲೆಗೆ ಕೇಳುವ ಪ್ರಮಾಣಪತ್ರ ಜೊತೆಗಿರಬೇಕು. ಹಲ್ಲಿನ ಗುರುತು, ಅಂಟಿದ ಕೂದಲು ತೊಳೆಯುವ ಮೊದಲೇ ಫೋಟೊ ತೆಗೆಯಿರಿ. ಹರಿದ ಲೈನರಿನ ಹಿಂದೆ ವೈರು ಕಿತ್ತಿದೆಯೇ ಎಂದು ಮೆಕ್ಯಾನಿಕ್‌ನಿಂದ ನೋಡಿಸಿ; ಬಿಲ್ಲು ಕೊಟ್ಟ ಮೇಲೆ ಅದನ್ನು ಸೇರಿಸಿದರೆ ಯಾರೂ ನಂಬುವುದಿಲ್ಲ.

ವಿಮೆ ಕ್ಲೇಮು ಮಾಡಲೇ ಎಂದು ಕೇಳಿದ್ದೀರಿ. ನಿಮ್ಮ ಎಸ್ಟಿಮೇಟು 13,100 ರೂ.: ಬಂಪರು 6,400, ಲೈನರು 1,200, ಬಣ್ಣ 4,000, ಕೂಲಿ 1,500. ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ಸವಕಳಿ, ಅಂದರೆ 3,800 ಕಳೆಯುತ್ತಾರೆ. ಬಣ್ಣದ ಖರ್ಚಿನಲ್ಲಿ ಕಾಲು ಭಾಗವನ್ನು ಸಾಮಗ್ರಿ ಎಂದು ಹಿಡಿದು ಅದರರ್ಧ, 500. ನಿಮ್ಮದು 1,500 ಸಿಸಿ ಒಳಗಿನ ಕಾರು, ಕಡ್ಡಾಯ ಕಡಿತ 1,000. ಉಳಿದದ್ದು 7,800. ಕ್ಲೇಮು ಮಾಡಿದರೆ ನಿಮ್ಮ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮು ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಸೊನ್ನೆಗೆ ಇಳಿಯುತ್ತದೆ. ಸ್ವಂತ ಹಾನಿಯ ಪ್ರೀಮಿಯಂ 8,000 ಎಂದಿದ್ದೀರಿ. ಮುಂದಿನ ವರ್ಷ ಸಿಗಬೇಕಿದ್ದ ಶೇ. 45ರ ರಿಯಾಯಿತಿ ತಪ್ಪಿ 3,600, ಅದರಾಚೆ ವರ್ಷ ಶೇ. 50ರ ಬದಲು 20 ಸಿಕ್ಕು 2,400 ಹೋಗುತ್ತದೆ. ಎರಡೇ ವರ್ಷದಲ್ಲಿ 6,000 ಹೋದರೆ ಕ್ಲೇಮಿನಿಂದ ಉಳಿಯುವುದು 1,800 ಮಾತ್ರ; ಈ ಮೊತ್ತಕ್ಕೆ ಕ್ಲೇಮು ಬೇಡವೆಂದೇ ನಮ್ಮ ಸಲಹೆ.

ಮೊದಲು ಎಸ್ಟಿಮೇಟು, ಫೋಟೊ ಲಗತ್ತಿಸಿ 15 ದಿನದ ಗಡುವಿನ ನೋಟಿಸನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಉತ್ತರ ಬಾರದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ದಾವೆಪೂರ್ವ ಅರ್ಜಿ ಕೊಡಿ, ಕೋರ್ಟ್ ಶುಲ್ಕವಿಲ್ಲ, ಸಹಾಯವಾಣಿ 15100. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದು ಕೋರ್ಟಿನ ಡಿಕ್ರಿಗೆ, ಅಂದರೆ ತೀರ್ಪಿನ ಆದೇಶಕ್ಕೆ ಸಮ, ಮೇಲ್ಮನವಿ ಇಲ್ಲ. ಅವರು ಒಪ್ಪದಿದ್ದರೆ ಮಾತ್ರ ವಕೀಲರನ್ನು ಹಿಡಿದು ಸಿವಿಲ್ ಕೋರ್ಟು. ದುಡ್ಡು ಕೈಗೆ ಬಂದ ದಿನ ತಾರೀಖು, ಮೊತ್ತ, ಯಾವ ಹಾನಿಗೆ ಎಂದು ಬರೆದು ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ.

– ಸಂಪಾದಕರು